ಸೊನ್ನೆ ಹಿಡಿದವನು

ಟೇಪಿನ ಸೊನ್ನೆ ನನ್ನ ಕೈಯಲ್ಲಿ.
ಐವತ್ತು ಮೀಟರಿನ ಆಚೆ ಸರ್ವೇಯರ್ ಕುಂಕಳ್ಯೇಕರ್,
ತಲೆಗೆ ಒದ್ದೆ ಕರವಸ್ತ್ರ, ಹಲ್ಲಿನಲ್ಲಿ ಪೆನ್ಸಿಲು.
ಭರತದ ನೀರು ಎಲ್ಲಿಗೆ ನಿಲ್ಲುತ್ತದೋ
ಅಲ್ಲಿ ನಾನು ಹಿಮ್ಮಡಿ ಊರಬೇಕು.
ನಾಲ್ಕು ಸಲ ಎಳೆದರೆ ಇನ್ನೂರು.
ಆ ಇನ್ನೂರರೊಳಗೆ ಯಾರೂ ಗೋಡೆ ಎಬ್ಬಿಸುವಂತಿಲ್ಲ,
ಅಲ್ಲಿಂದಾಚೆ ಸರ್ಕಾರ ಶುರು.

ಪೆಡ್ಣೆ ತಾಲ್ಲೂಕಿನ ಈ ದಂಡೆ
ಹನ್ನೊಂದು ವರ್ಷದಿಂದ ನನ್ನ ಅಂಗಾಲಿಗೆ ಗೊತ್ತು:
ಎಲ್ಲಿ ಮರಳು ಜಾರುತ್ತದೆ, ಎಲ್ಲಿ ಬಾಟಲಿಯ ಚೂರು,
ಎಲ್ಲಿ ಆಮೆ ಮೊಟ್ಟೆಯಿಟ್ಟು ಮುಚ್ಚಿ ಹೋದ ಉಬ್ಬು.
ಉಬ್ಬಿನ ಸುತ್ತ ಇಲಾಖೆಯ ಬೇಲಿ, ಒಬ್ಬ ಕಾವಲುಗಾರ, ಒಂದು ಟಾರ್ಚು.
ಸುಳ್ಳು ಯಾಕೆ ಹೇಳಲಿ, ಅದು ಒಳ್ಳೆಯದೇ.
ಕೆಂಪು ಬಾವುಟದ ಗೋಪುರವೂ ಒಳ್ಳೆಯದೇ.
ಹೋದ ಮೇ ತಿಂಗಳು ಇಂದೋರಿನ ಹುಡುಗನೊಬ್ಬನನ್ನು
ಕೂದಲು ಹಿಡಿದು ದಡಕ್ಕೆಳೆದರು;
ವಾಂತಿ ಮಾಡಿ, ಕಣ್ಣು ಬಿಟ್ಟು,
ಅವನು ಮೊದಲು ಕೇಳಿದ್ದು ಚಪ್ಪಲಿ.

ಶ್ಯಾಕುಗಳ ಚೀಟಿ ಎತ್ತಿದ ದಿನ
ಪಣಜಿಯ ಕಚೇರಿಯಲ್ಲಿ ಸ್ಟೀಲಿನ ಕೊಡ ಕುಲುಕಿದವನೂ ನಾನೇ.
ಬಂದವರು ಅಂಗೈಗೆ ಪೇಡೆ ಇಟ್ಟರು.
ಬಾರದವರು ಅಂಗೈಯನ್ನೇ ನೋಡುತ್ತ ನಿಂತರು.

ಈಗ ಹೊಸ ನಕಾಶೆ ಬಂದಿದೆ. ಮಹಾಯೋಜನೆ.
ಪಂಚಾಯ್ತಿಯ ಗೋಡೆಗೆ ಅಂಟಿಸಿದೆ,
ಒಂದು ಮೂಲೆ ಎಷ್ಟು ಒತ್ತಿದರೂ ನಿಲ್ಲಲಿಲ್ಲ.
ಕಿತ್ತಳೆ ಅಂದರೆ ರೆಸಾರ್ಟು. ನೇರಳೆ, ಪಾರ್ಕಿಂಗು.
ತಿಳಿನೀಲಿಯಲ್ಲಿ ಜಲಕ್ರೀಡೆ.
ಮೇಡಂ ಕೋಲು ಹಿಡಿದು ತೋರಿಸಿದರು:
ಇಲ್ಲಿ ಮರದ ಕಾಲುಹಾದಿ, ಇಲ್ಲಿ ಸೆಲ್ಫಿ ಕಟ್ಟೆ,
ಇಲ್ಲಿ, ಇನ್ನು ಹತ್ತು ವರ್ಷಕ್ಕೆ, ಉದ್ಯೋಗ.
ಯಾರದಾದರೂ ಆಕ್ಷೇಪಣೆ ಇದೆಯೇ?

ಎದ್ದವಳು ಶೆವಂತಿ ಹರ್ಮಲ್ಕರ್.
ಮಣಿಕಟ್ಟಿನಲ್ಲಿ ಬಂಗುಡೆಯ ಒಂದು ಹುರುಪೆ ಮಿನುಗುತ್ತಿತ್ತು.
ನಕಾಶೆಯ ಹತ್ತಿರ ಹೋದಳು, ಇನ್ನೂ ಹತ್ತಿರ,
ಮೂಗು ತಾಗುವಷ್ಟು.
"ರಂಪಣಿ ಬಲೆ ಒಣಗಿಸುವ ನಮ್ಮ ಬಯಲಿಗೆ ಯಾವ ಬಣ್ಣ?"
ಮೇಡಂ ಬಣ್ಣಗಳ ಪಟ್ಟಿ ನೋಡಿದರು.
ಕುಂಕಳ್ಯೇಕರ್ ಪಟ್ಟಿ ನೋಡಿದರು.
ಫ್ಯಾನು ಆ ಮೂಲೆಯನ್ನು ಎತ್ತಿ ಎತ್ತಿ ಇಳಿಸಿತು.
"ಅದು ಬಿಳಿ," ಅಂದರು ಕೊನೆಗೆ, "ಬಿಳಿ ಅಂದರೆ ಖಾಲಿ."
ಶೆವಂತಿ ಕೊಂಕಣಿಯಲ್ಲಿ ಏನೋ ಅಂದಳು.
ನಡಾವಳಿ ಬರೆಯುವವನು ಕೆಮ್ಮಿ, ಅದನ್ನು ಬಿಟ್ಟು,
ಮುಂದಿನ ಸಾಲಿಗೆ ಹೋದ.

ಹೊರಗೆ ಮೆಟ್ಟಿಲ ಬಳಿ ನಮ್ಮವ್ವನ ತಂಗಿ ಸೋಮ್ಲಿಬಾಯಿ.
ಬಿಜಾಪುರದ ತಾಂಡಾ ಬಿಟ್ಟು ಮೂವತ್ತು ವರ್ಷ;
ಹೆಗಲ ಮೇಲೆ ಕನ್ನಡಿ ಹೊಲಿದ ಚಾದರ,
ಕಾಲ್ಗೆಜ್ಜೆಯ ಗೊಂಚಲು, ಸುಳ್ಳು ಹವಳ.
"ಮಗನ, ಆ ಕಾಗದದಾಗ ನಾ ಎಲ್ಲಿ ಅದೀನಿ ನೋಡು."
ಅವಳು ಇದ್ದಾಳೆ.
ಪುಟ ನೂರಾ ಹದಿನಾಲ್ಕು, "ಪ್ರವಾಸಿಗರಿಗೆ ಉಪದ್ರವ",
ಬೀದಿನಾಯಿಗೂ ಒಡೆದ ಗಾಜಿಗೂ ನಡುವೆ.
"ಅದೀ ಬಿಡವ್ವಾ," ಅಂದೆ.
"ಹಂಗಾದ್ರ ಚಲೋ ಆತು," ಅಂದು
ಗಂಟು ಹೊತ್ತು ದಂಡೆಗಿಳಿದಳು.

ಇವತ್ತು ಮತ್ತೆ ಟೇಪು. ಹುಣ್ಣಿಮೆಯ ಮರುದಿನ.
ನೀರು ಬಂದು ಹೋದ ಗುರುತು ಎದ್ದು ಕಾಣುತ್ತಿದೆ:
ಒಣಗಿದ ಪಾಚಿ, ತೆಂಗಿನ ಕರಟ, ಒಂಟಿ ಚಪ್ಪಲಿ.
ಕುಂಕಳ್ಯೇಕರ್ ಅತ್ತ ತಿರುಗಿ ಫೋನಿನಲ್ಲಿ,
ಮಗಳ ಫೀಸಿನ ಮಾತು.
ಗಾಳಿಗೆ ಟೇಪು ಗುಂಯ್ ಅನ್ನುತ್ತಿದೆ.

ನಾನು ಊರಿನ ಕಡೆಗೆ ಐದು ಹೆಜ್ಜೆ ಸರಿದೆ.

ಟೇಪು ಸಡಿಲಾಯಿತು. ಅವರೂ ಹಿಂದೆ ಸರಿದರು,
ಮಾತು ನಿಲ್ಲಿಸದೆ.
ನಾಲ್ಕನೆಯ ಎಳೆತಕ್ಕೆ ಗೂಟ ಬಿದ್ದದ್ದು
ಬಲೆ ಹರಡುವ ಬಯಲಿನ ಆಚೆ ಅಂಚಿಗೆ.
ಸೋಮ್ಲಿಬಾಯಿಗೆ ಇದರಿಂದ ಏನೂ ಆಗದು.
ಬರುವ ವರ್ಷ ಉಪಗ್ರಹದಿಂದ ಅಳೆಯುತ್ತಾರಂತೆ,
ಸೊನ್ನೆ ಹಿಡಿಯಲು ಆಳು ಬೇಕಿಲ್ಲವಂತೆ.

"ಸರಿಯಾಗಿ ಹಿಡಿದಿದ್ದೆ ತಾನೇ?" ದೂರದಿಂದ ಕೂಗಿದರು.
"ಹೂಂ ಸರ್. ನೀರಿನ ಅಂಚಿಗೇ."
ಒಂದು ಅಲೆ ಬಂತು.
ನನ್ನವರೆಗೆ ಬರಲಿಲ್ಲ.