ಎಡಗಾಜಿನ ಗೆರೆಗಳು

ಮೊದಲು ಎರಡಾದದ್ದು ತೂಕದ ಮುಳ್ಳು.
ಮಂಡ್ಯದ ಬೆಲ್ಲದ ಮಂಡಿ, ಬೆಳಗಿನ ಏಳೂವರೆ,
ಕುರಿಕಾಟು ಅಚ್ಚಿನ ಮೂಟೆ ಏರಿಸಿ ನಿಂತಿದ್ದಾರೆ.
ಮುಳ್ಳೂ ಎರಡು, ಮುಳ್ಳಿನ ಕೆಳಗಿನ ಅಂಕಿಯೂ ಎರಡು,
ಯಾವ ಮುಳ್ಳು ಯಾವ ಅಂಕಿಯದೋ.
ಇಪ್ಪತ್ತಾರು ವರ್ಷ ತೂಕ ಬರೆದ ಪೆನ್ನು
ಚೀಟಿಯ ಮೇಲೆ ನಿಂತೇಬಿಟ್ಟಿತು.
"ಯಾಕಣ್ಣೋ, ಬರ್ಕೊ" ಅಂದ ಹಮಾಲಿ ಬಿಳಿಗಿರಿ.
ಬೆಲ್ಲ ತಂದವನು ನನ್ನನ್ನೇ ನೋಡಿದ,
ಅವನಿಗೂ ಎರಡು ಮುಖ, ಎರಡರಲ್ಲೂ ಒಂದೇ ಅನುಮಾನ.

ಎಡಗಣ್ಣು ಮುಚ್ಚಿದೆ. ಒಂದಾಯಿತು.
ಮುಚ್ಚಿಕೊಂಡೇ ಬರೆದೆ ಸಂಜೆಯವರೆಗೆ.
ಒಂದು ಕಣ್ಣು ಮುಚ್ಚಿ ತೂಕ ಬರೆಯುವ ರೈಟರನ್ನು
ಯಾವ ಮಂಡಿಯಲ್ಲಿ ಯಾರು ನಂಬುತ್ತಾರೆ, ನೀವೇ ಹೇಳಿ.

ಮನೆಗೆ ಎರಡು ಬಾಗಿಲು. ಒಂದು ಗೋಡೆ ಅಂತ
ಭುಜ ತಾಗಿದ ಮೇಲೆ ತಿಳಿಯಿತು.
ಜವನಮ್ಮ ನೀರು ಚಾಚಿದಳು, ಇಲ್ಲದ ಲೋಟಕ್ಕೆ ಕೈಹಾಕಿದೆ.
"ಎಷ್ಟು ಜನ ಕಾಣ್ತೀನಿ?"
ಇಬ್ಬರು ಅಂದೆ.
"ಹಂಗಾದ್ರೆ ನಾಳೆ ಒಬ್ಬಳು ಮಲಕ್ಕತೀನಿ, ಇನ್ನೊಬ್ಬಳು ಮುದ್ದೆ ತೊಳಸ್ಲಿ."
ನಗಲಿಲ್ಲ ಅವಳು. ಇಬ್ಬರೂ ನಗಲಿಲ್ಲ.

ಮೈಸೂರಿನ ರೈಲಿನಲ್ಲಿ ಕಿಟಕಿ ಹಿಡಿದು ಕೂತೆ.
ಶ್ರೀರಂಗಪಟ್ಟಣದಲ್ಲಿ ಕಾವೇರಿ ಮೊದಲೇ ಎರಡು ಕವಲು,
ನಾನು ನಾಲ್ಕು ಹೊಳೆ ದಾಟಿ ಆಸ್ಪತ್ರೆ ಸೇರಿದೆ.
"ಸಕ್ಕರೆ" ಅಂದರು ಡಾಕ್ಟರು. "ಕಣ್ಣನ್ನು ಹೊರಕ್ಕೆ ಎಳೆಯೋ ನರ
ಮಲಗಿಬಿಟ್ಟಿದೆ. ಏಳುತ್ತೆ. ಮೂರು ತಿಂಗಳೋ, ಆರೋ."
ಬೆಲ್ಲದ ಊರಿನವನನ್ನು ಸಕ್ಕರೆ ಹೊಡೆದಿತ್ತು.

ನಫೀಸಾ ಎಂಬ ಹುಡುಗಿ ಡಬ್ಬಿಯಿಂದ ತೆಗೆದಳು
ಈರುಳ್ಳಿ ಪೊರೆಯಂಥ ಒಂದು ಪ್ಲಾಸ್ಟಿಕ್ಕು:
ಒಂದು ಮೈ ನುಣುಪು, ಇನ್ನೊಂದರ ಮೇಲೆ
ಕಬ್ಬಿನ ಗದ್ದೆಯ ಸಾಲು, ಕೂದಲಿಗಿಂತ ಸಣ್ಣಗೆ.
ಎಡಗಾಜಿನ ಅಳತೆಗೆ ಗೀಟು ಹಾಕಿ ಕತ್ತರಿಸಿದಳು
ರವಿಕೆ ಬಟ್ಟೆ ಕತ್ತರಿಸಿದ ಹಾಗೆ,
ಬಟ್ಟಲ ನೀರೊಳಗೇ ಗಾಜಿಗೆ ಒತ್ತಿ
ಹೆಬ್ಬೆರಳಿನಿಂದ ಗುಳ್ಳೆಗಳನ್ನು ಅಂಚಿಗೆ ಅಟ್ಟಿದಳು.
ಗೋಂದಿಲ್ಲ, ಮೇಣವಿಲ್ಲ. ನೀರೇ ಹಿಡಿಯುತ್ತದಂತೆ.

ಹಾಕಿಕೊಂಡೆ.
ಇಬ್ಬರು ನಫೀಸಾರಲ್ಲಿ ಒಬ್ಬಳು ಸರಿದು ಇನ್ನೊಬ್ಬಳೊಳಗೆ ಹೋದಳು.
ಕಿಟಕಿಯ ಸರಳಿಗೆ ಮಾತ್ರ ನೇರಳೆ ಕೆಂಪು ನೂಲಿನ ಅಂಚು.
ವಾಸಿಯಾಯ್ತಾ ಅಂದೆ.
"ಇಲ್ಲ ಅಂಕಲ್, ಕಣ್ಣು ಇದ್ದಲ್ಲೇ ಇದೆ.
ಬೆಳಕನ್ನ ಅದರ ಕಡೆಗೆ ಬಗ್ಗಿಸಿದೀವಿ, ಅಷ್ಟೆ."

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ:
ಬಲಕ್ಕೆ ತಿಳಿ, ಎಡಕ್ಕೆ ಮಬ್ಬು, ಎರಡೂ ಸೇರಿ ಒಂದು ಮುಳ್ಳು.
ಎಡಕ್ಕೆ ತಿರುಗಿದರೆ ಮತ್ತೆ ಒಡೆಯುತ್ತಿತ್ತು.
ಅದಕ್ಕೇ ಬಿಳಿಗಿರಿಗೆ ಹೇಳಿದೆ, ಕಂಡದ್ದನ್ನು ಕೂಗು ಮಾರಾಯ,
ನನ್ನ ಕಣ್ಣೊಂದನ್ನೇ ನಂಬಬೇಡ.
ಅವನ ಗಂಟಲೋ, ಮಂಡಿಯ ಆಚೆಗಿನ
ಟೀ ಅಂಗಡಿಗೂ ಮುಟ್ಟುವಂಥದ್ದು.
"ಮೂವತ್ತೊಂದೂವರೇ!"
ಬೆಲ್ಲದವನೂ ಕತ್ತು ಚಾಚಿ ತಾನೇ ಓದಿದ.

ಇಲ್ಲಿ ಒಂದು ಮಾತು ಹೇಳಬೇಕು.
ಮೂಟೆಗೆ ಅರ್ಧ ಕೇಜಿ ಸೂಟು, ಧಣಿಯ ರಿವಾಜು.
ಮುಳ್ಳು ತೋರಿದ್ದೊಂದು, ಚೀಟಿಗೆ ಇಳಿದದ್ದೊಂದು.
ನೆಟ್ಟಗಿದ್ದ ಕಣ್ಣಿನಲ್ಲೇ ಇಪ್ಪತ್ತಾರು ವರ್ಷ
ಎರಡೆರಡು ನೋಡಿದ್ದೆ, ತಲೆ ಸುತ್ತಿರಲಿಲ್ಲ.
ಕೂಗಿ ಹೇಳಿದ ತೂಕದಿಂದ
ಅರ್ಧ ಕೇಜಿ ಕಳೆಯಲು ಪೆನ್ನು ಬರಲಿಲ್ಲ.

ಇಪ್ಪತ್ತರ ಪೊರೆ ಹೋಗಿ ಹನ್ನೆರಡರದ್ದು ಬಂತು, ಆಮೇಲೆ ಆರರದ್ದು.
ಐದನೇ ತಿಂಗಳು ನಫೀಸಾ ಉಗುರಿನಲ್ಲಿ ಅಂಚೆಬ್ಬಿಸಿ
ಸುಲಿದು ಕೈಗೆ ಕೊಟ್ಟಳು. ತೂಕದ ಪುಸ್ತಕದೊಳಗಿದೆ,
ನಾಲ್ಕು ಗೀರು, ಒಂದು ಬೆಲ್ಲದ ಬೆರಳಚ್ಚು.

ಮೊನ್ನೆ ಧಣಿ ಗಲ್ಲಾದಿಂದ ಕೇಳಿದರು:
"ಕಣ್ಣು ನೆಟ್ಟಗಾಯ್ತಲ್ಲ, ಇವನಿನ್ನೂ ಯಾಕೆ ಅರಚ್ತಾನೆ?"
ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದೆ,
ಒರೆಸುವಂಥದ್ದೇನೂ ಇರಲಿಲ್ಲ.
"ಎಡಕ್ಕೆ ಇನ್ನೂ ಸ್ವಲ್ಪ ಎರಡು ಕಾಣುತ್ತೆ ಸ್ವಾಮಿ" ಅಂದೆ.
ಧಣಿ ಕೂತಿದ್ದದ್ದು ನನ್ನ ಎಡಕ್ಕೆ.
ಒಬ್ಬರೇ ಇದ್ದರು.