ಪುಂಡಲೀಕ ಮೇಸ್ತ ಅಕ್ಕೋರಿಗೆ ಹೇಳಿದ್ದು

ಟೇಪು ಮಡಚಿಡಿ ಅಕ್ಕೋರೆ.
ಅಳತೆ ಆಮೇಲೆ. ಮೊದಲು
ಈ ತುಂಡಿಗೆ ಮೂಗು ಕೊಡಿ.

ಹೊಸ ಚಪ್ಪಲಿ ನೆಂದ ವಾಸನೆ, ಅಲ್ಲವೇ?
ಸಾಗವಾನಿ. ಒಳಗೆ ಎಣ್ಣೆಯಿದೆ,
ಒರಲೆ ಬಾಯಿ ಹಾಕುವುದಿಲ್ಲ.
ಬೆಲೆ ಕೇಳಿದರೆ ನಾವೂ ಹಾಕುವುದಿಲ್ಲ.
ನಿಮ್ಮ ಪಿಂಚಣಿಗೆ ಎರಡು ಬಾಗಿಲು, ಒಂದು ಕಿಟಕಿ ಬಂದೀತು.
ಬಯಲಲ್ಲಿ ಬಾಗಿಲು ನಿಲ್ಲಿಸಿ
ಚಿಲಕ ಹಾಕಿಕೊಂಡು ಕೂರುತ್ತೀರಾ?

ಮೊಬೈಲಿನಲ್ಲಿ ತೋರಿಸಿದಿರಲ್ಲ ಆ ಮನೆ,
ದಿಮ್ಮಿಯ ಮೇಲೆ ದಿಮ್ಮಿ,
ಮೂಲೆಯಲ್ಲಿ ಬೆರಳಿಗೆ ಬೆರಳು ಹೆಣೆದ ಹಾಗೆ,
ಚಂದವೇ. ಆದರೆ ಅದರ ಸುತ್ತ ಹಿಮ ಬಿದ್ದಿದೆ.
ಹಿಮದಲ್ಲಿ ಹುಳ ಮಲಗುತ್ತದೆ.
ಮಾಜಾಳಿಯಲ್ಲಿ ಯಾರು ಮಲಗುತ್ತಾರೆ?
ಉಪ್ಪುಗಾಳಿ ರಾತ್ರಿಯಿಡೀ ಮೊಳೆ ತಿನ್ನುತ್ತದೆ,
ಒರಲೆ ಹಗಲಿಡೀ ಗೋಡೆ ಓದುತ್ತದೆ,
ನಿಮ್ಮ ಶಾಲೆಯ ಹುಡುಗರಿಗಿಂತ ಚೆನ್ನಾಗಿ,
ಒಂದಕ್ಷರ ಬಿಡದೆ.

ಜಂಬೆ ತನ್ನಿ, ನನ್ನ ಉಳಿ ಅಳುತ್ತದೆ.
ನಂದಿ ತೊಲೆಗೆ ಆದೀತು, ನೆಲಕ್ಕೆ ತಾಗಿಸಬೇಡಿ.
ಹೊನ್ನೆಗೆ ನೀರು ಬಿದ್ದರೆ ಹಳದಿ ಬಿಡುತ್ತದೆ,
ಸುಣ್ಣದ ಗೋಡೆಗೆ ಅರಿಸಿನ ಹಚ್ಚಿದ ಹಾಗೆ,
ಮದುಮಗಳೇ ಇಲ್ಲದ ಮದುವೆ.
ಗಾಳಿಮರದ ಮಾತು ಬೇಡ. ಅದು ಬೇಲಿಗೆ, ಒಲೆಗೆ,
ಸಮುದ್ರದ ಜೊತೆ ಹರಟುವುದಕ್ಕೆ.
ಮತ್ತಿ...

ಮತ್ತಿಯ ಬಗ್ಗೆ ನಾನೇ ಹೇಳಿಬಿಡುತ್ತೇನೆ,
ಕೋಡಿಬಾಗದಲ್ಲಿ ಯಾರೋ ಹೇಳಿ ನೀವು ಕೇಳುವ ಬದಲು.
ತಂಗಿ ಶಾಲಿನಿಯ ಮನೆಗೆ ತೊಲೆ ಏರಿಸಿದವನು ನಾನು.
ಹುಣ್ಣಿಮೆ ಹತ್ತಿರ ಕಡಿದ ಮರ, ಹಸಿ.
ಚೇಗು ಒಂದೇ ಉಳಿಸಿ ಬಿಳಿಯೆಲ್ಲ ಕೆತ್ತಬೇಕಿತ್ತು.
ಪ್ರವೇಶದ ದಿನ ಹತ್ತಿರ ಇತ್ತು, ಕೆತ್ತಲಿಲ್ಲ.
ಏಳನೆಯ ಮಳೆಗಾಲಕ್ಕೆ ಬೆರಳು ಒತ್ತಿದರೆ ಹಿಟ್ಟು.
ಯಾರ ಮೇಲೂ ಬೀಳಲಿಲ್ಲ.
ತಂಗಿ ಏನೂ ಅನ್ನಲಿಲ್ಲ,
ಹಿಟ್ಟನ್ನು ಗುಡಿಸಿ ಮೊರಕ್ಕೆ ತುಂಬಿ
ತೆಂಗಿನ ಬುಡಕ್ಕೆ ಸುರಿದು ಬಂದು
ನನಗೆ ಚಹಾ ಕೊಟ್ಟಳು.
ಮರದ ತಪ್ಪಲ್ಲ. ಮತ್ತಿ ಒಳ್ಳೆಯ ಮರ.

ಅಂದಿನಿಂದ ತಟ್ಟದೆ ಮಾತಾಡುವುದಿಲ್ಲ.
ನೀವು ಈ ತುದಿಯಲ್ಲಿ ಗೆಣ್ಣಿನಿಂದ ತಟ್ಟಿ,
ನಾನು ಆ ತುದಿಗೆ ಕಿವಿ ಇಡುತ್ತೇನೆ.
ಟಣ್ ಅಂದರೆ ಮರ.
ದೊಬ್ ಅಂದರೆ ಒಳಗೆ ಆಗಲೇ ಬೇರೆ ಒಕ್ಕಲಿದೆ.

ದೋಣಿ ಕಟ್ಟುವವನ ಮಗ ನಾನು,
ನನ್ನ ಕೇಳಿದರೆ ಹೆಬ್ಬಲಸು.
ಕಡವಾಡದ ಹೊಳೆಯಂಚಿನ ಕೆಸರಲ್ಲಿ ನನ್ನವು ಐದು ದಿಮ್ಮಿ ಇವೆ.
ಕೆಸರಲ್ಲಿ ಹೂತರೆ ಹುಳಕ್ಕೆ ಉಸಿರಿಲ್ಲ,
ಮರದ ಹಸಿಯೆಲ್ಲ ಉಪ್ಪುನೀರಿಗೆ ಹೋಗುತ್ತದೆ.
ಎರಡು ಮಳೆಗಾಲ ಸಾಕು.
ಇವಕ್ಕೆ ಇಪ್ಪತ್ತಾರು ಆಯಿತು.
ನನ್ನ ಮನೆಗೆ ಅಂತ ಹೂತದ್ದು;
ಅಷ್ಟರಲ್ಲಿ ಸದಾಶಿವಗಡದವರು
ಹೆಣ್ಣು ಕೊಡುವ ಮಾತು ಹಿಂದೆ ತೆಗೆದುಕೊಂಡರು.
ಆಮೇಲೆ ಮನೆಗೆ ಏನು ಅವಸರ?
ಬಾಡಿಗೆ ಖೋಲಿಗೆ ತಗಡು ಸಾಕು.

ನೀರು ಪೂರಾ ಇಳಿದಾಗ ತುದಿ ಕಾಣುತ್ತದೆ,
ಉಳಿಯಲ್ಲಿ ಕೊರೆದ ಅಂಕಿ, ಒಂದರಿಂದ ಐದು.
ನಾಲ್ಕರ ಮೇಲೆ ಯಾವಾಗಲೂ ಒಂದು ಕೊಕ್ಕರೆ,
ಮಾಲೀಕನ ಹಾಗೆ.

ಮಾರುವುದಕ್ಕಲ್ಲ, ಈಗಲೇ ಹೇಳಿದೆ.
ಆದರೂ ಬನ್ನಿ. ಸೀರೆ ಮೊಣಕಾಲಿಗೆ ಎತ್ತಿ ಕೆಸರಿಗೆ ಇಳಿಯಿರಿ,
ಮೂರನೆಯದನ್ನು ತಟ್ಟಿ.
ಆ ಸದ್ದು ಕಿವಿಯಲ್ಲಿ ಇಟ್ಟುಕೊಂಡೇ ಡಿಪೋಕ್ಕೆ ಹೋಗೋಣ,
ಲಿಲಾವಿನಲ್ಲಿ ಅದಕ್ಕಿಂತ ಮಂದ ಸದ್ದಿನ ಮರಕ್ಕೆ
ಕೈ ಎತ್ತಬೇಡಿ, ಗಾರ್ಡು ಏನೇ ಹೇಳಲಿ.

ಐದರಲ್ಲಿ ಮನೆ ಆಗುವುದಿಲ್ಲ.
ಒಂದು ಹೊಸ್ತಿಲು ಆದೀತು ಅಂತ
ನಿನ್ನೆ ರಾತ್ರಿ ಯಾಕೋ ಅನ್ನಿಸಿತು.
ಇರಲಿ.

ಶುಕ್ರವಾರ ಅಮಾವಾಸ್ಯೆ.
ಸಂಜೆ ಐದೂವರೆಗೆ ನೀರು ಇಳಿದಿರುತ್ತದೆ.
ಟೇಪು ತರಬೇಡಿ.