ಒಡೆಯದ ಲಕೋಟೆ

ಲೊರೇನ್ ಊರಿನ ಗ್ರಂಥಾಲಯದ ನೆಲಮಾಳಿಗೆ,
ಮಂಗಳವಾರ, ಸಂಜೆ ಐದೂವರೆ. ಹೊರಗೆ
ಬೀಗ ಬಿದ್ದ ಉಕ್ಕಿನ ಕಾರ್ಖಾನೆ ದಾಟಿ
ಸರೋವರದ ಗಾಳಿ ಕಿವಿ ಕೊರೆಯುತ್ತ ಬರುತ್ತದೆ.
ನನ್ನ ಮೇಜಿನ ಮೇಲೊಂದು ಬೆಣ್ಣೆ ಸವರುವ ಚಾಕು.
ಬೆಣ್ಣೆ ಎಲ್ಲಿ ಒಡೆಸ್ಸಾ, ಎಂದು ಜನ ನಗುತ್ತಾರೆ.

ವಿಲ್ಫ್ರೆಡೊ ಸಿಂತ್ರೋನ್ ತಂದದ್ದು ಬ್ರೆಡ್ಡಿನ ತಗಡು ಡಬ್ಬಿ.
ಹದಿನೇಳು ಲಕೋಟೆ. ಒಂದೂ ಒಡೆದಿಲ್ಲ.
"ಹೆಂಡತಿಗೆ ಸಕ್ಕರೆ ಕಾಯಿಲೆ, ಬ್ರೆಡ್ಡು ಮುಟ್ಟುವುದಿಲ್ಲ,
ಅದಕ್ಕೇ ಇದರಲ್ಲಿಟ್ಟೆ" ಅಂದ.
ಇಪ್ಪತ್ತೆರಡು ವರ್ಷ ಕ್ರೇನಿನಲ್ಲಿ ಕೂತು
ಕೆಂಡದಂಥ ಕೊಳವೆಗಳನ್ನು ಹೂವಿನಂತೆ ಇಳಿಸಿದ ಕೈ
ಕಾಗದಕ್ಕೆ ಹೆದರಿತ್ತು.

ಅಂಚೆ ಮುದ್ರೆಯ ತಾರೀಖು ನೋಡಿ ಇಸ್ಪೀಟಿನ ಹಾಗೆ ಜೋಡಿಸಿದೆ.
ಕೊನೆಯದರಿಂದ ಶುರು, ಅದು ಈ ಕಸುಬಿನ ನಿಯಮ:
ಹರಾಜಿಗೆ ಮೂವತ್ತೊಂದು ದಿನ.
ಅದರ ಹಿಂದಿನದು ಕೋರ್ಟಿನದು. ಅದರ ಹಿಂದಿನದು ವಕೀಲರದು,
ಅವನ ಹೆಸರನ್ನೂ ತಪ್ಪಾಗಿ ಬರೆದಿದ್ದಾರೆ.
ಹಿಂದೆ ಹಿಂದೆ ಹೋದಷ್ಟೂ
ದನಿ ಮೆತ್ತಗಾಗುತ್ತ ಬಂತು.
ಎಲ್ಲಕ್ಕಿಂತ ಅಡಿಯದು, ಮಾರ್ಚ್ ಹನ್ನೊಂದು:
ಒಂದು ಕಂತು ಬಂದಿಲ್ಲ. ತೊಂದರೆಯಿದ್ದರೆ ಫೋನ್ ಮಾಡಿ,
ದಾರಿಗಳಿವೆ.
ಕೆಳಗೊಂದು ನಂಬರು. ಪುಕ್ಕಟೆ ಕರೆ.

ಮೂರು ಸಲ ಓದಿದ.
"ಇದರಲ್ಲಿ ಬೈಗುಳವೇ ಇಲ್ಲವಲ್ಲ" ಅಂದ.
ನಾನು ಗೋಡೆ ಗಡಿಯಾರ ನೋಡಿದೆ. ಇನ್ನೇನೂ ತೋಚಲಿಲ್ಲ.

ಒಡೆಯದ ಲಕೋಟೆಗೆ ಕತ್ತಲಲ್ಲಿ ಹಲ್ಲು ಬರುತ್ತದೆ,
ಮನೆಯೊಡೆಯನನ್ನೇ ಹುಡುಕುತ್ತದೆ.
ಇದನ್ನು ನನಗೂ ಯಾರೂ ಹೇಳಿರಲಿಲ್ಲ.
ನನ್ನದಿದ್ದದ್ದು ಇಪ್ಪತ್ತೆಂಟನೇ ಬೀದಿಯಲ್ಲಿ, ನೀಲಿ ಬಾಗಿಲು.
ನಾನು ಬಚ್ಚಿಟ್ಟದ್ದು ಹೊಲಿಗೆ ಯಂತ್ರದ ಕೆಳಗೆ.
ಉಗುರಲ್ಲಿ ಹೋಗುತ್ತಿದ್ದುದಕ್ಕೆ ಕೊಡಲಿ ಬಂದಾಗ
ಪಿಂಗಾಣಿ ಬಟ್ಟಲುಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತ ಕೂತಿದ್ದೆ.
ಈಗ ಆ ಬಾಗಿಲು ಕಂದು ಬಣ್ಣ.
ಬಸ್ಸಿನಲ್ಲಿ ನಾನು ಯಾವಾಗಲೂ ಎಡಗಡೆ ಕೂರುತ್ತೇನೆ,
ಅದು ಬಲಕ್ಕೆ ಬರುತ್ತದೆ.

ಇರಲಿ. ಮೂವತ್ತೊಂದು ಅಂದರೆ ಸೊನ್ನೆಯಲ್ಲ.
ಫಾರ್ಮು ತೆಗೆದೆ. ಭತ್ಯೆಯ ಚೀಟಿ ಕೇಳಿದೆ,
ಹೆಂಡತಿಯ ಸಹಿ ಕೇಳಿದೆ.
"ಅವಳಿಗೆ ಗೊತ್ತಿಲ್ಲ."
ಹಾಗಾದರೆ ಮೊದಲನೇ ಫಾರ್ಮು ಅದೇ, ಅಂದೆ,
ಇವತ್ತು ರಾತ್ರಿ ಮನೆಯಲ್ಲಿ ತುಂಬು.
ಖಾಲಿ ಡಬ್ಬಿ ಕಂಕುಳಲ್ಲಿಟ್ಟು ಮೆಟ್ಟಿಲು ಹತ್ತಿದ.

ಏಳಕ್ಕೆ ದೀಪ ಆರಿಸುವಾಗ ಬಾಗಿಲಲ್ಲೊಬ್ಬಳು ಹುಡುಗಿ,
ಆಸ್ಪತ್ರೆಯ ಸಮವಸ್ತ್ರ, ಕೈಯಲ್ಲಿ ಒಂದೇ ಒಂದು ಲಕೋಟೆ.
"ಒಂದು ಕಂತಷ್ಟೇ ತಪ್ಪಿದ್ದು... ಇಷ್ಟಕ್ಕೇ ಬಂದು
ನಿಮ್ಮ ಹೊತ್ತು ಹಾಳುಮಾಡಿದೆನೋ ಏನೋ."

ಹಾಕಿದ್ದ ಕೋಟು ಬಿಚ್ಚಿದೆ.
ಹಾಳುಮಾಡು ತಾಯಿ, ಕೂತುಕೋ, ಅಂದು
ಚಾಕುವನ್ನು ಅವಳ ಕಡೆ ಸರಿಸಿದೆ:
ನೀನೇ ಒಡೆ.